ಗಾಜಿನ ಕೆಲಸದವನಾದ ಯೋಸೇಫ ಫ್ರೌನ್‌ಹೋಫರನು

ನೀರಿನಲ್ಲಿ ಓರೆಯಾಗಿ ಅದ್ದಿದ ಕೋಲು ಮುರಿದಂತೆ ಕಾಣುವದನ್ನು ನೀವು ಕೆರೆಯ ದಡದಲ್ಲಿ ಅನೇಕಾವರ್ತಿ ನೋಡಿರುವಿರಿ. ಕೋಲು ಮುರಿದದ್ದಿಲ್ಲ, ಬೆಳಕು ನೀರಿನಿಂದ ಗಾಳಿಗೆ ಬರುವಾಗ ಅದರ ದಾರಿ ಬಾಗುವದರಿಂದಲೇ ಹಾಗೆ ತೋರುತ್ತದೆ. ಗಾಜಿನೊಳಗೆ ಹೊಗುವಾಗಲೂ ಬೆಳಕಿನ ಓಟವು ನಿಧಾನವಾಗಿ, ಅದರ ದಾರಿ ಬಾಗುತ್ತದೆ. ಈ ಬಾಗುವಿಕೆಯನ್ನು ಬಹು ಸೂಕ್ಷ್ಮವಾಗಿ ಅಳೆದು ಲೋಕಕ್ಕೆ ದೊಡ್ಡ ಉಪಕಾರ ಮಾಡಿದವನು ದಿಕ್ಕಿಲ್ಲದೆ ಬೆಳೆದ ಒಬ್ಬ ಹುಡುಗನು. ಆತನ ಚರಿತ್ರವನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಯೋಸೇಫ ಫ್ರೌನ್‌ಹೋಫರನು 1787ನೆಯ ಇಸವಿ ಮಾರ್ಚಿ 6ರಲ್ಲಿ ಜರ್ಮನಿಯ ಬವೇರಿಯ ಸೀಮೆಗೆ ಸೇರಿದ ಸ್ಟ್ರೌಬಿಂಗ್ ಎಂಬ ಪಟ್ಟಣದಲ್ಲಿ ಹುಟ್ಟಿದನು. ಆತನ ತಂದೆಯು ಕಿಟಕಿಗಳಿಗೆ ಗಾಜು ಕೂಡಿಸುವ ಕಸಬಿನವನು. ಯೋಸೇಫನು ಆ ಮನೆಯ ಹನ್ನೊಂದನೆಯ ಮಗು. ಹನ್ನೆರಡು ವರುಷ ತುಂಬುವದರೊಳಗೆ ತಾಯಿಯೂ ತಂದೆಯೂ ತೀರಿಹೋದರು. ಪೋಷಕರು ಅವನನ್ನು ಮ್ಯೂನಿಕ್ ಪಟ್ಟಣದಲ್ಲಿ ಕನ್ನಡಿ ಮಾಡುವ ಒಬ್ಬ ಯಜಮಾನನ ಬಳಿಯಲ್ಲಿ ಕೆಲಸ ಕಲಿಯುವದಕ್ಕೆ ಬಿಟ್ಟರು. ಕೂಲಿ ಇಲ್ಲ, ದುಡಿಮೆ ಬಹಳ. ಹುಡುಗನಿಗೆ ಓದಿನ ಮೇಲೆ ಆಶೆ ಇದ್ದರೂ ಯಜಮಾನನು ಅವನನ್ನು ರಜಾ ದಿನದ ಶಾಲೆಗೂ ಕಳುಹಿಸಲಿಲ್ಲ, ರಾತ್ರಿಯಲ್ಲಿ ಪುಸ್ತಕ ಹಿಡಿಯುವದಕ್ಕೂ ಬಿಡಲಿಲ್ಲ.

ಹೀಗಿರಲಾಗಿ 1801ನೆಯ ಇಸವಿ ಜುಲೈ 21ರಲ್ಲಿ ಆ ಮನೆಯು ಫಕ್ಕನೆ ಕುಸಿದು ಬಿತ್ತು. ಹುಡುಗನು ಅದರ ಕೆಳಗೆ ಸಿಕ್ಕಿಕೊಂಡನು. ಜನರು ಕೆಲವು ತಾಸು ಅಗೆದು ಅವನನ್ನು ಜೀವಸಹಿತ ಹೊರಗೆ ತೆಗೆದರು. ಆ ಸೀಮೆಯ ಅರಸನಾದ ಮಕ್ಸಿಮಿಲಿಯನ್ ಯೋಸೇಫನು ಅಲ್ಲಿಗೆ ಬಂದು, ಕನಿಕರಪಟ್ಟು, ಅವನಿಗೆ 18 ಚಿನ್ನದ ನಾಣ್ಯಗಳನ್ನು ಕೊಟ್ಟನು. ಉಟ್ಜ್‌ಶ್ನೈಡರ್ ಎಂಬ ಉದ್ಯಮಿಯು ಗಣಿತದ ಮತ್ತು ಬೆಳಕಿನ ಶಾಸ್ತ್ರದ ಪುಸ್ತಕಗಳನ್ನು ಕೊಟ್ಟನು. ಹದಿನಾಲ್ಕು ವರುಷದ ಆ ಹುಡುಗನು ಹಣವನ್ನು ವ್ಯರ್ಥವಾಗಿ ವೆಚ್ಚಮಾಡಲಿಲ್ಲ. ಗಾಜು ಸಾಣೆ ಹಿಡಿಯುವ ಒಂದು ಯಂತ್ರವನ್ನು ಕೊಂಡನು. ಉಳಿದದ್ದನ್ನು ಯಜಮಾನನಿಗೆ ಕೊಟ್ಟು ತನ್ನ ಕರಾರಿನ ಬಾಕಿ ಕಾಲದಿಂದ ಬಿಡುಗಡೆ ಪಡೆದನು. ಆದರೂ ಸ್ವಂತ ಕಸಬು ಹೊಟ್ಟೆಗೆ ಸಾಲದೆ, ಪುನಃ ಅದೇ ಯಜಮಾನನ ಬಳಿಯಲ್ಲಿ ದುಡಿಯಬೇಕಾಯಿತು.

1806ರಲ್ಲಿ ಉಟ್ಜ್‌ಶ್ನೈಡರನು ಆತನನ್ನು ತನ್ನ ಕಾರ್ಖಾನೆಗೆ ಸೇರಿಸಿಕೊಂಡನು. ಬೆನೆಡಿಕ್ಟ್‌ಬೊಯೆರ್ನ್ ಎಂಬಲ್ಲಿ ಮುಚ್ಚಿಹೋಗಿದ್ದ ಒಂದು ಮಠದಲ್ಲಿ ಗಾಜಿನ ಕುಲುಮೆ ಇತ್ತು. ಅಲ್ಲಿ ಫ್ರೌನ್‌ಹೋಫರನು ಸ್ವಿಸ್ ದೇಶದ ಗಿನಾನ್ ಎಂಬವನಿಂದ ಗಾಜು ಕರಗಿಸುವ ವಿದ್ಯೆಯನ್ನು ಕಲಿತನು.

ಆ ಕಾಲದಲ್ಲಿ ದುರ್ಬೀನು ಮಾಡುವವರಿಗೆ ಒಂದು ತೊಡಕಿತ್ತು. ಬಿಳಿ ಬೆಳಕಿನಲ್ಲಿ ಎಲ್ಲಾ ಬಣ್ಣಗಳು ಕೂಡಿಕೊಂಡಿವೆ. ಗಾಜಿನಲ್ಲಿ ಕೆಂಪು ಸ್ವಲ್ಪವಾಗಿಯೂ ನೇರಳೆಯು ಹೆಚ್ಚಾಗಿಯೂ ಬಾಗುವದರಿಂದ ನಕ್ಷತ್ರದ ಸುತ್ತಲು ಬಣ್ಣದ ಅಂಚು ಕಾಣುತ್ತಿತ್ತು. ಎರಡು ಜಾತಿಯ ಗಾಜುಗಳನ್ನು ಜೋಡಿಸಿದರೆ ಒಂದರ ದೋಷವನ್ನು ಮತ್ತೊಂದು ಸರಿಪಡಿಸುವದು. ಆದರೆ ಯಾವ ಗಾಜು ಯಾವ ಬಣ್ಣವನ್ನು ಎಷ್ಟು ಬಾಗಿಸುವದೆಂದು ಸರಿಯಾಗಿ ತಿಳಿಯದೆ ಜೋಡಿಸುವದು ಹೇಗೆ? ಬಣ್ಣಗಳು ಒಂದರೊಳಗೊಂದು ಕರಗಿಹೋಗಿರುವದರಿಂದ ಅಳೆಯುವದಕ್ಕೆ ಗುರುತೇ ಇರಲಿಲ್ಲ.

ಫ್ರೌನ್‌ಹೋಫರನು ದೀಪದ ಉರಿಯನ್ನು ಮೂರು ಮೂಲೆಯ ಗಾಜಿನ ಮೂಲಕ ನೋಡಿದಾಗ ಒಂದು ಹೊಳೆಯುವ ಹಳದಿ ಗೆರೆಯನ್ನು ಕಂಡನು. ಸೂರ್ಯನ ಬೆಳಕಿನಲ್ಲಿಯೂ ಅಂಥದನ್ನು ಹುಡುಕಿದನು. ಆದರೆ ಅಲ್ಲಿ ಕಂಡವುಗಳು ಕಪ್ಪು ಗೆರೆಗಳು. ಇಂಗ್ಲೆಂಡಿನ ವುಲಾಸ್ಟನನು 1802ರಲ್ಲಿ ಅಂಥವುಗಳಲ್ಲಿ ಕೆಲವನ್ನು ನೋಡಿದ್ದನು. ಫ್ರೌನ್‌ಹೋಫರನಾದರೋ 1814ರಿಂದ ಅವುಗಳನ್ನು ತಾಳ್ಮೆಯಿಂದ ಎಣಿಸಿ, 574 ಗೆರೆಗಳನ್ನು ಕಂಡು, ಮುಖ್ಯವಾದವುಗಳಿಗೆ ಅಕ್ಷರಗಳನ್ನು ಹೆಸರಾಗಿಟ್ಟನು. ಚಂದ್ರನ ಬೆಳಕಿನಲ್ಲಿ ಸೂರ್ಯನ ಗೆರೆಗಳೇ ಇದ್ದವು. ಕೆಲವು ನಕ್ಷತ್ರಗಳಲ್ಲಿ ಬೇರೆ ಗೆರೆಗಳು ಕಂಡವು. ಈ ಗೆರೆಗಳೇ ಆತನಿಗೆ ಬೇಕಾಗಿದ್ದ ಗುರುತುಗಳಾದವು. ತರುವಾಯ ಆತನು ಸಣ್ಣ ತಂತಿಗಳ ಜಾಲರಿಯ ಮೂಲಕ ಬೆಳಕನ್ನು ಹಾಯಿಸಿ ಅದರ ಅಲೆಗಳ ಉದ್ದವನ್ನೂ ಅಳೆದನು. ಹಳದಿ ಬೆಳಕಿನ ಸುಮಾರು 43,000 ಅಲೆಗಳು ಸೇರಿದರೆ ಒಂದು ಅಂಗುಲವಾಗುತ್ತದೆ.

ವಿಶ್ವವಿದ್ಯಾಲಯದಲ್ಲಿ ಕಲಿತವನಲ್ಲವೆಂದು ಮ್ಯೂನಿಕ್ಕಿನ ವಿದ್ವಾಂಸರಲ್ಲಿ ಕೆಲವರು ಆತನನ್ನು ತಮ್ಮ ಸಮನಾಗಿ ಎಣಿಸಲು ಒಪ್ಪಲಿಲ್ಲ. ಆದರೂ ಆತನ ಕೈಕೆಲಸವೇ ಆತನ ಪರವಾಗಿ ನಿಂತಿತು. 1822ರಲ್ಲಿ ಎರ್ಲಾಂಗೆನ್ ವಿಶ್ವವಿದ್ಯಾಲಯವು ಆತನಿಗೆ ಪಂಡಿತ ಪದವಿಯನ್ನು ಕೊಟ್ಟಿತು. 1824ರಲ್ಲಿ ಡೋರ್ಪಾಟ್ ಎಂಬ ಊರಿಗೆ ಆತನು ಮಾಡಿಕೊಟ್ಟ ದುರ್ಬೀನಿನ ಗಾಜು 24 ಸೆಂಟಿಮೀಟರು ಅಗಲವಿತ್ತು. ಅದು ಆ ಕಾಲದಲ್ಲಿ ಅತಿ ಶ್ರೇಷ್ಠವಾದದ್ದು. ಆದರೆ ಆತನ ಆಯುಷ್ಯ ದೊಡ್ಡದಾಗಿರಲಿಲ್ಲ. ಕ್ಷಯರೋಗಕ್ಕೆ ಗುರಿಯಾಗಿ 1826ನೆಯ ಇಸವಿ ಜೂನ್ 7ರಲ್ಲಿ ತನ್ನ 39ನೆಯ ವಯಸ್ಸಿನಲ್ಲಿ ತೀರಿಹೋದನು.

ಆ ಕಪ್ಪು ಗೆರೆಗಳ ಅರ್ಥವು ಆತನು ಬದುಕಿರುವಾಗ ತಿಳಿಯಲಿಲ್ಲ. 1859ರಲ್ಲಿ ಕಿರ್ಖೋಫ್ ಎಂಬ ಪಂಡಿತನು ಅದನ್ನು ವಿವರಿಸಿದನು. ಒಲೆಯ ಉರಿಗೆ ಉಪ್ಪು ಬಿದ್ದರೆ ಉರಿಯು ಹಳದಿಯಾಗುವದನ್ನು ನಮ್ಮ ತಾಯಂದಿರು ಬಲ್ಲರು. ಉಪ್ಪಿನಲ್ಲಿರುವ ಸೋಡಿಯಮ್ ಎಂಬ ಲೋಹವೇ ಅದಕ್ಕೆ ಕಾರಣ. ಒಂದು ವಸ್ತುವಿನ ಆವಿಯು ಕಾಯ್ದು ಉರಿಯುವಾಗ ಯಾವ ಬಣ್ಣವನ್ನು ಬೀರುವದೋ, ಅದಕ್ಕಿಂತ ಬಿಸಿಯಾದದ್ದರ ಬೆಳಕು ಅದರ ಮೂಲಕ ಹಾಯುವಾಗ ಅದೇ ಬಣ್ಣವನ್ನು ನುಂಗಿಬಿಡುತ್ತದೆ. ಆದದರಿಂದ ಸೂರ್ಯನ ಹೊರಗಣ ಆವಿಯಲ್ಲಿರುವ ವಸ್ತುಗಳು ಯಾವವೆಂದು ಆ ಗೆರೆಗಳಿಂದ ಓದಬಹುದು. ಕೆಲವು ಗೆರೆಗಳು ಮಾತ್ರ ನಮ್ಮ ಭೂಮಿಯ ಗಾಳಿಯಿಂದಲೇ ಉಂಟಾದವುಗಳು. 1868ರಲ್ಲಿ ಗುಂಟೂರಿನಲ್ಲಿ ಪೂರ್ಣ ಸೂರ್ಯಗ್ರಹಣವಾದಾಗ ಫ್ರಾನ್ಸಿನ ಜಾನ್ಸೆನ್ ಎಂಬವನು ಇದೇ ವಿದ್ಯೆಯಿಂದ ಸೂರ್ಯನ ಅಂಚಿನ ಜ್ವಾಲೆಗಳನ್ನು ಪರೀಕ್ಷಿಸಿದನು.

ವಾಚಕರೇ, ಅನೇಕ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಪರರ ಮಕ್ಕಳು ದುಡಿಯುತ್ತಾರೆ. ಫ್ರೌನ್‌ಹೋಫರನ ಬುದ್ಧಿಯು ಮನೆ ಬಿದ್ದ ದಿವಸದಲ್ಲಿ ಹುಟ್ಟಿದ್ದಲ್ಲ. ಮುಂಚೆಯೇ ಇತ್ತು, ಆದರೆ ವಿಚಾರಿಸುವವರಿರಲಿಲ್ಲ. ಕಲಿಯಬೇಕೆಂಬ ಮಗುವಿನ ಕೈಗೆ ಪುಸ್ತಕವನ್ನು ಕೊಡುವದಕ್ಕೆ ಗೋಡೆ ಕುಸಿಯುವ ತನಕ ಕಾಯಬಾರದು.