ಫ್ಲೋರ್, ಸೀಲಿಂಗ್ ಮತ್ತು ಕೆನೆತ್ ಐವರ್ಸನ್

ಸಿ ಲ್ಯಾಬ್ ಶುರುವಾದಾಗಿಂದ ನಾವೆಲ್ಲ ಕೋಡ್‌ನಲ್ಲಿ ಫ್ಲೋರ್, ಸೀಲ್ ಅಂತ ಬರೀತಾನೇ ಇದ್ದೀವಿ. ಈ ಹೆಸರುಗಳನ್ನ ಇಟ್ಟವರು ಕೆನೆತ್ ಐವರ್ಸನ್.

ಐವರ್ಸನ್ ಹುಟ್ಟಿದ್ದು 1920ರಲ್ಲಿ, ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ. ಮನೆಯವರದು ಬೇಸಾಯ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ಹೊಲದ ಕೆಲಸಕ್ಕೆ ಇಳಿದರು. ಎರಡನೇ ಮಹಾಯುದ್ಧದ ಸಮಯದಲ್ಲಿ ಸೈನ್ಯ ಸೇರಿ, ಅಲ್ಲಿದ್ದುಕೊಂಡೇ ಅಂಚೆ ಮೂಲಕ ಹೈಸ್ಕೂಲ್ ಪಾಠಗಳನ್ನ ಓದಿದರು. ಯುದ್ಧ ಮುಗಿದ ಮೇಲೆ ಕ್ವೀನ್ಸ್ ಯೂನಿವರ್ಸಿಟಿ, ಆಮೇಲೆ ಹಾರ್ವರ್ಡ್. 1954ರಲ್ಲಿ ಪಿಎಚ್‌ಡಿ ಬಂತು.

ಹಾರ್ವರ್ಡ್‌ನಲ್ಲಿ ಪಾಠ ಮಾಡುವಾಗ ಹಳೇ ಗಣಿತದ ಚಿಹ್ನೆಗಳು ಅವರಿಗೆ ಸಾಕಾಗಲಿಲ್ಲ. ತಮ್ಮದೇ ಚಿಹ್ನೆಗಳನ್ನ ಕಟ್ಟತೊಡಗಿದರು. ಅಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1960ರಲ್ಲಿ ಐಬಿಎಂಗೆ ಹೋದರು, ಆದ್ರೆ ಚಿಹ್ನೆಗಳ ಕೆಲಸ ಬಿಡಲಿಲ್ಲ. 1962ರಲ್ಲಿ ಪುಸ್ತಕ ಬಂತು. ಎಪಿಎಲ್ ಭಾಷೆಗೆ ಅದೇ ಬುನಾದಿ.

ಫ್ಲೋರ್, ಸೀಲಿಂಗ್ ಬಂದಿದ್ದು ಆ ಪುಸ್ತಕದಲ್ಲೇ. ಅದಕ್ಕೂ ಮುಂಚೆ 1808ರಿಂದ ಗೌಸ್ ಬಳಸಿದ ಚೌಕ ಬ್ರಾಕೆಟ್ ಚಾಲ್ತಿಯಲ್ಲಿತ್ತು. ಆದ್ರೆ ಬ್ರಾಕೆಟ್ ಹತ್ತಾರು ಕಡೆ ಬಳಕೆಯಾಗುತ್ತೆ, ಮೇಲಕ್ಕೆ ರೌಂಡ್ ಮಾಡೋಕೆ ಅದರಲ್ಲಿ ಜೋಡಿ ಚಿಹ್ನೆಯೂ ಇರಲಿಲ್ಲ. ಐವರ್ಸನ್ ಅದೇ ಬ್ರಾಕೆಟ್‌ನ ಮೇಲಿನ ಗೆರೆ ತೆಗೆದು ಫ್ಲೋರ್ ಮಾಡಿದರು, ಕೆಳಗಿನ ಗೆರೆ ತೆಗೆದು ಸೀಲಿಂಗ್ ಮಾಡಿದರು. ನೋಡಿದ್ರೇನೇ ಅರ್ಥ ಆಗುತ್ತೆ: ಒಂದಕ್ಕೆ ನೆಲ ಇದೆ, ಇನ್ನೊಂದಕ್ಕೆ ಚಾವಣಿ.

ಹೆಸರಿನಲ್ಲಿ ಏನಿದೆ ಅಂತೀರಾ? −2.7 ತಗೊಳ್ಳಿ. ಫ್ಲೋರ್ ಕೊಡೋದು −3, ಸೀಲಿಂಗ್ ಕೊಡೋದು −2. ಈಗ ಜಾವಾದಲ್ಲಿ ಡೌನ್ ಅನ್ನೋ ರೌಂಡಿಂಗ್ ಮೋಡ್ ಹಾಕಿ, −2 ಬರುತ್ತೆ! ಅಲ್ಲಿ ಡೌನ್ ಅಂದ್ರೆ ಸೊನ್ನೆಯ ಕಡೆಗೆ ಅಂತ ಅರ್ಥ. ಹೆಸರು ಕೆಳಗೆ ಅನ್ನುತ್ತೆ, ಸಂಖ್ಯೆ ಮೇಲೆ ಹೋಗುತ್ತೆ. ಪಾಸಿಟಿವ್ ಸಂಖ್ಯೆಗಳಲ್ಲಿ ಟೆಸ್ಟ್ ಮಾಡಿದ್ರೆ ಈ ವ್ಯತ್ಯಾಸ ಕಾಣೋದೇ ಇಲ್ಲ. ಲೆಕ್ಕ ಹಣದ್ದಾಗಿದ್ರೆ, ತಪ್ಪು ಗೊತ್ತಾಗೋದು ಯಾರದೋ ಖಾತೆಯಲ್ಲಿ.

1979ರಲ್ಲಿ ಐವರ್ಸನ್‌ಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಆಗ ಕೊಟ್ಟ ಉಪನ್ಯಾಸದ ವಿಷಯವೂ ಅದೇ: ಒಳ್ಳೇ ಚಿಹ್ನೆ ಯೋಚನೆಗೇ ಸಹಾಯ ಮಾಡುತ್ತೆ ಅನ್ನೋದು. ಎಪ್ಪತ್ತರ ಹೊಸ್ತಿಲಲ್ಲಿ ರೋಜರ್ ಹುಯಿ ಜೊತೆ ಸೇರಿ ಜೆ ಅನ್ನೋ ಇನ್ನೊಂದು ಭಾಷೆ ಕಟ್ಟಿದರು. 2004ರಲ್ಲಿ ತೀರಿಕೊಂಡರು.

ಎಪಿಎಲ್‌ನಲ್ಲಿ ಕೋಡ್ ಬರೆಯೋರು ಇವತ್ತು ಕಡಿಮೆ. ಆದ್ರೆ ಅವರಿಟ್ಟ ಆ ಎರಡು ಹೆಸರುಗಳು ನಾವು ಕಲಿಯೋ ಹೆಚ್ಚುಕಮ್ಮಿ ಎಲ್ಲಾ ಭಾಷೆಗಳಲ್ಲೂ ಇವೆ. ಮುಂದಿನ ಪ್ರಾಜೆಕ್ಟ್‌ನಲ್ಲಿ ಫಂಕ್ಷನ್‌ಗೆ ಹೆಸರಿಡುವಾಗ, ಓದೋರಿಗೆ ನೆಗೆಟಿವ್ ಸಂಖ್ಯೆಯಲ್ಲೂ ಅದು ನಿಜ ಹೇಳುತ್ತಾ ಅಂತ ಒಂದ್ಸಲ ನೋಡೋಣ.