ಸಾಲ ತೀರಿಸಿದ ಸರ್ ವಾಲ್ಟರ್ ಸ್ಕಾಟನು

ಸ್ಕಾಟ್ಲೆಂಡ್ ದೇಶದಲ್ಲಿ ಟ್ವೀಡ್ ನದಿಯ ದಡದಲ್ಲಿ ಆ್ಯಬಟ್ಸ್‌ಫರ್ಡ್ ಎಂಬ ದೊಡ್ಡ ಮನೆಯುಂಟು. ಅದನ್ನು ಕಟ್ಟಿಸಿದವನು ಪ್ರಸಿದ್ಧ ಗ್ರಂಥಕರ್ತನಾದ ಸರ್ ವಾಲ್ಟರ್ ಸ್ಕಾಟನು. ಇವನು 1771ನೆಯ ಇಸವಿಯಲ್ಲಿ ಎಡಿನ್‌ಬರೋ ಪಟ್ಟಣದಲ್ಲಿ ನ್ಯಾಯವಾದಿಯೊಬ್ಬನ ಮಗನಾಗಿ ಹುಟ್ಟಿದನು. ಕೂಸಾಗಿದ್ದಾಗಲೇ ರೋಗದಿಂದ ಅವನ ಬಲಗಾಲು ಕುಂಟಾಯಿತು. ಆದದರಿಂದ ಅವನನ್ನು ಹಳ್ಳಿಯಲ್ಲಿದ್ದ ಅಜ್ಜನ ಬಳಿಗೆ ಕಳುಹಿಸಿದರು. ಅಲ್ಲಿ ಹಿರಿಯರ ಬಾಯಿಂದ ಕೇಳಿದ ಲಾವಣಿಗಳೂ ಕಥೆಗಳೂ ಅವನ ಮುಂದಿನ ಬರವಣಿಗೆಗೆ ಬೀಜವಾದವು.

1811ರಲ್ಲಿ ಸ್ಕಾಟನು ಸುಮಾರು 110 ಎಕರೆ ಹೊಲವನ್ನು ಕೊಂಡನು. ಪೂರ್ವದಲ್ಲಿ ಮೆಲ್ರೋಸ್ ಮಠದ ಅಧಿಪತಿಗಳು ಅಲ್ಲಿಯ ಕಡವಿನಲ್ಲಿ ಹೊಳೆ ದಾಟುತ್ತಿದ್ದರೆಂದು ಆ ಸ್ಥಳಕ್ಕೆ ಈ ಹೆಸರಿಟ್ಟನು. 1822ರಲ್ಲಿ ಹಳೇ ಮನೆಯನ್ನು ಕೆಡವಿಸಿದನು; 1824ರಷ್ಟಕ್ಕೆ ಹೊಸ ಮನೆಯು ಮುಗಿಯಿತು. ಅದಕ್ಕೆ ಕೋಟೆಯಂತೆ ಚಿಕ್ಕ ಗೋಪುರಗಳೂ ಮೆಟ್ಟಿಲಿನಾಕಾರದ ಗೋಡೆತುದಿಗಳೂ ಉಂಟು. ಎಡಿನ್‌ಬರೋ ಪಟ್ಟಣದ ಹಳೇ ಸೆರೆಮನೆಯನ್ನು ಕೆಡವಿದಾಗ ಅದರ ಬಾಗಿಲನ್ನು ತಂದು ಗೋಡೆಯಲ್ಲಿ ಸೇರಿಸಿದನು. ಪುಸ್ತಕಶಾಲೆಯಲ್ಲಿ ಸುಮಾರು 9,000 ಗ್ರಂಥಗಳಿವೆ. ತರುವಾಯ ಆ ದೇಶದ ಅನೇಕ ಧನಿಕರು ಇದೇ ರೀತಿಯಲ್ಲಿ ಮನೆಗಳನ್ನು ಕಟ್ಟಿಸಿದರು.

ಆದರೆ 1826ರಲ್ಲಿ, ಸ್ಕಾಟನು ಗುಟ್ಟಾಗಿ ಪಾಲುಗಾರನಾಗಿದ್ದ ಅಚ್ಚುಕೂಟವೂ ಅವನ ಪುಸ್ತಕಗಳನ್ನು ಪ್ರಕಟಿಸುತ್ತಿದ್ದ ಮಂಡಳಿಯೂ ದಿವಾಳಿಯಾದವು. 1,20,000 ಪೌಂಡಿಗಿಂತ ಹೆಚ್ಚಾದ ಸಾಲವು ಅವನ ತಲೆಯ ಮೇಲೆ ಬಿತ್ತು. ಅದೇ ವರುಷ ಹೆಂಡತಿಯೂ ತೀರಿಕೊಂಡಳು. ದಿವಾಳಿಯೆಂದು ಸಾರಿ ಕೈತೊಳೆದುಕೊಳ್ಳಲು ಕಾಯಿದೆಯಲ್ಲಿ ದಾರಿಯಿದ್ದರೂ ಅವನು ಅದಕ್ಕೆ ಒಪ್ಪಲಿಲ್ಲ. ಪಟ್ಟಣದ ಮನೆಯನ್ನು ಮಾರಿದನು. ಆ್ಯಬಟ್ಸ್‌ಫರ್ಡನ್ನು ಮುಂಚಿನ ವರುಷವೇ ಹಿರಿಯ ಮಗನ ಹೆಸರಿಗೆ ಬರೆದಿದ್ದನು; ಸಾಲಗಾರರು ಅವನನ್ನು ಅಲ್ಲಿಯೇ ಇರಗೊಟ್ಟರು. ಅಲ್ಲಿ ಅವನು ಲೇಖಣಿಯೊಂದನ್ನೇ ನಂಬಿ ದುಡಿದನು. ನೆಪೋಲಿಯನ್ನನ ಚರಿತ್ರೆಯನ್ನು ಒಂಬತ್ತು ಸಂಪುಟಗಳಲ್ಲಿ ಬರೆದನು. ನಮ್ಮ ಮೈಸೂರಿನ ಹೈದರನೂ ಟಿಪ್ಪುವೂ ಬರುವ ಒಂದು ಕಥೆಯನ್ನೂ 1827ರಲ್ಲಿ ಪ್ರಕಟಿಸಿದನು.

ಈ ಅತಿಶ್ರಮದಿಂದ ದೇಹವು ಕುಗ್ಗಿತು. ಪಾರ್ಶ್ವವಾಯು ಬಡಿಯಿತು. ವೈದ್ಯರ ಮಾತಿನಂತೆ ಇಟಲಿ ದೇಶಕ್ಕೆ ಹೋದರೂ ಗುಣವಾಗದೆ ಹಿಂದಿರುಗಿ, 1832ನೆಯ ಸೆಪ್ಟೆಂಬರ್ 21ರಂದು ತನ್ನ ಮನೆಯಲ್ಲಿ, ಹೊಳೆಯ ಕಡೆಗಿರುವ ಊಟದ ಕೋಣೆಯಲ್ಲಿ ಪ್ರಾಣಬಿಟ್ಟನು. ಆಗ ಸಾಲದ ದೊಡ್ಡ ಭಾಗವು ತೀರಿತ್ತು. ಉಳಿದದ್ದು ಅವನ ಪುಸ್ತಕಗಳ ಹುಟ್ಟುವಳಿಯಿಂದಲೇ 1847ರೊಳಗೆ ಸಂದಿತು.

ವಾಚಕರೇ, 1833ರಿಂದ ಜನರು ಆ ಮನೆಯನ್ನು ನೋಡಲು ಹೋಗುತ್ತಿದ್ದಾರೆ. ಅದರ ಗೋಪುರಗಳು ಸುಂದರವೇ ಸರಿ. ಆದರೂ ಅದನ್ನು ಕಟ್ಟಿದವನು ಕೊಡತಕ್ಕದ್ದನ್ನು ಕೊಟ್ಟೇ ತೀರಬೇಕೆಂದು ಅದರೊಳಗೆ ಕುಳಿತು ದುಡಿದ ಆ ಆರು ವರುಷಗಳು ಅವುಗಳಿಗಿಂತ ಎತ್ತರವಾಗಿವೆ.