ಫ್ರಾನ್ಸ್ವಾ ಹ್ಯೂಬರ್ (1750–1831): ರಾಣಿ ಜೇನಿನ ದೋಷವನ್ನು ಕಂಡುಹಿಡಿದ ಅಂಧ ವಿಜ್ಞಾನಿ

ಪೆಟ್ಟಿಗೆಯಲ್ಲಿ ರಾಣಿ ಜೇನು ಕಣ್ಣಿಗೆ ಬಿದ್ದೊಡನೆ ಕುಟುಂಬವು ಸುರಕ್ಷಿತವಾಗಿದೆಯೆಂದು ಭಾವಿಸುವ ಜೇನು ಕೃಷಿಕರು ಅನೇಕರಿದ್ದಾರೆ. ರಾಣಿಯು ಜೀವಂತವಾಗಿದ್ದು ಮೊಟ್ಟೆಯಿಡುತ್ತಿದ್ದರೂ ಕುಟುಂಬವು ನಾಶದ ಹಾದಿಯಲ್ಲಿರಬಹುದೆಂಬುದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟವರು ಜಿನೀವಾ ನಗರದ ಫ್ರಾನ್ಸ್ವಾ ಹ್ಯೂಬರ್.

ಹ್ಯೂಬರ್ ಅವರು 1750ರ ಜುಲೈ 2ರಂದು ಜನಿಸಿದರು. ಹದಿನೈದನೆಯ ವಯಸ್ಸಿನ ಸುಮಾರಿಗೆ ಅವರ ದೃಷ್ಟಿ ಕುಂದತೊಡಗಿ, ಕ್ರಮೇಣ ಸಂಪೂರ್ಣ ಅಂಧತ್ವ ಉಂಟಾಯಿತು. ಮರೀ ಲುಲೆನ್ ಎಂಬ ಯುವತಿಯು ತಂದೆಯ ತೀವ್ರ ವಿರೋಧವಿದ್ದರೂ ಕಾನೂನಿನನ್ವಯ ಪ್ರಾಪ್ತವಯಸ್ಕಳಾಗುವವರೆಗೆ ಕಾದು 1776ರಲ್ಲಿ ಅವರನ್ನು ವರಿಸಿದರು. ಆಕೆ ಓದಿ ಹೇಳುವುದರಲ್ಲಿಯೂ ಬರೆದುಕೊಳ್ಳುವುದರಲ್ಲಿಯೂ ಪತಿಗೆ ನೆರವಾದರು. ಜೇನುಪೆಟ್ಟಿಗೆಯ ಬಳಿ ಕಣ್ಣಾದವರು ಮನೆಯ ಸೇವಕ ಫ್ರಾನ್ಸ್ವಾ ಬರ್ನೆನ್ಸ್. ಪ್ರಶ್ನೆ ಹ್ಯೂಬರ್ ಅವರದು, ನೋಟ ಬರ್ನೆನ್ಸ್ ಅವರದು. ಈ ಸೇವಕನಿಗೆ ಸಲ್ಲಬೇಕಾದ ಗೌರವವು ಇತಿಹಾಸದಲ್ಲಿ ಪೂರ್ಣವಾಗಿ ಸಂದಿಲ್ಲವೆಂದೇ ಹೇಳಬೇಕು.

ಹ್ಯೂಬರ್ ಅವರು ಪುಸ್ತಕದ ಹಾಳೆಗಳಂತೆ ತೆರೆಯಬಹುದಾದ ಚೌಕಟ್ಟುಗಳ ಪೆಟ್ಟಿಗೆಯನ್ನು ರೂಪಿಸಿದರು. ಇದರಿಂದ ಎರಿಯನ್ನು ಕತ್ತರಿಸದೆಯೇ ಎರಡೂ ಬದಿಯಿಂದ ಪರೀಕ್ಷಿಸುವುದು ಸಾಧ್ಯವಾಯಿತು. ರಾಣಿಯು ಗೂಡಿನ ಒಳಗಲ್ಲ, ಹೊರಗೆ ಹಾರಿ ಗಂಡು ಜೇನಿನೊಂದಿಗೆ ಕೂಡುತ್ತದೆಯೆಂಬುದು 1788ರಲ್ಲಿ ಖಚಿತವಾಯಿತು. ಅನಂತರ ಹೊಸ ರಾಣಿಗಳನ್ನು ಹೊರಹೋಗದಂತೆ ತಡೆದು ನೋಡಲಾಯಿತು. ಹುಟ್ಟಿ ಸುಮಾರು ಮೂರು ವಾರ ಕಳೆದ ಮೇಲೆ ಕೂಡಿದ ರಾಣಿಗಳು ಗಂಡು ಜೇನುಗಳಾಗುವ ಮೊಟ್ಟೆಗಳನ್ನು ಮಾತ್ರ ಇಟ್ಟವು. ಈ ದಿನಗಳ ಲೆಕ್ಕವು ಯುರೋಪಿನ ಜೇನಿಗೆ ಸಂಬಂಧಿಸಿದ್ದು. ಆದರೂ ನಮ್ಮ ಮಲೆನಾಡಿನಲ್ಲಿ ಮಳೆಯು ಬಿಡುವು ಕೊಡದೆ ತುಡುವೆಯ ಹೊಸ ರಾಣಿ ಹಾರಲಾಗದಿದ್ದಾಗ ಒದಗುವ ಸಂಕಟವೂ ಇದೇ ಬಗೆಯದು.

ಇದರ ಕಾರಣವು ಹ್ಯೂಬರ್ ಅವರಿಗೆ ತಿಳಿಯಲಿಲ್ಲ. ಫಲಿತಗೊಳ್ಳದ ಮೊಟ್ಟೆಗಳಿಂದ ಗಂಡು ಜೇನುಗಳು ಹುಟ್ಟುತ್ತವೆಯೆಂಬುದನ್ನು 1845ರಲ್ಲಿ ಯೊಹಾನ್ ಜೀರ್ಜೋನ್ ಅವರು ಮಂಡಿಸಿದರು. ಸರಿಯಾಗಿ ಕೂಡದ ರಾಣಿಯಲ್ಲಿಯೂ, ಸಂಗ್ರಹಿಸಿಕೊಂಡ ವೀರ್ಯವು ಮುಗಿದ ಮುದಿ ರಾಣಿಯಲ್ಲಿಯೂ ಇದೇ ದೋಷ ಕಂಡುಬರುತ್ತದೆ. ಆಗ ಕೆಲಸಗಾರ ಜೇನಿನ ಸಣ್ಣ ಕಣಗಳಲ್ಲಿಯೇ ಗಂಡು ಮರಿಗಳು ಬೆಳೆದು, ಮುಚ್ಚಳಗಳು ಗುಂಡಿಯಂತೆ ಉಬ್ಬುತ್ತವೆ. ಮರಿಗಳಿರುವ ಎರಿಯಲ್ಲಿ ಅಲ್ಲಲ್ಲಿ ಖಾಲಿ ಕಣಗಳು ಉಳಿಯುತ್ತವೆ. ಹೊಸ ಕೆಲಸಗಾರ ಜೇನುಗಳು ಹುಟ್ಟದ ಕಾರಣ ಕೆಲವೇ ವಾರಗಳಲ್ಲಿ ಕುಟುಂಬವು ಬರಿದಾಗುತ್ತದೆ.

ರಾಣಿಯಿಲ್ಲದ ಕುಟುಂಬದಲ್ಲಿ ಕೆಲವು ಕೆಲಸಗಾರ ಜೇನುಗಳು ಮೊಟ್ಟೆಯಿಡುವುದೂ ಉಂಟು. ಇದನ್ನು ಖಚಿತಪಡಿಸಿಕೊಳ್ಳಲು ಬರ್ನೆನ್ಸ್ ಅವರು ಹನ್ನೊಂದು ದಿನ ಎರಡು ಪೆಟ್ಟಿಗೆಗಳ ಜೇನುಗಳನ್ನು, ಕುಟುಕನ್ನು ಲೆಕ್ಕಿಸದೆ, ಒಂದೊಂದಾಗಿ ಹಿಡಿದು ಪರೀಕ್ಷಿಸಿದರು. ಇಂದು ಕೃಷಿಕರು ಅಷ್ಟು ಶ್ರಮಪಡಬೇಕಾಗಿಲ್ಲ. ರಾಣಿಯು ಸಾಮಾನ್ಯವಾಗಿ ಕಣದ ತಳದಲ್ಲಿ ಒಂದೇ ಮೊಟ್ಟೆಯಿಡುತ್ತದೆ. ಒಂದೇ ಕಣದಲ್ಲಿ ಹಲವು ಮೊಟ್ಟೆಗಳು, ಅದರಲ್ಲಿಯೂ ಗೋಡೆಗೆ ಅಂಟಿಕೊಂಡಂತೆ ಇದ್ದಲ್ಲಿ, ಕೆಲಸಗಾರ ಜೇನುಗಳೇ ಮೊಟ್ಟೆಯಿಡುತ್ತಿವೆಯೆಂದು ಶಂಕಿಸತಕ್ಕದ್ದು. ಹೊಸದಾಗಿ ಮೊಟ್ಟೆಯಿಡತೊಡಗಿದ ರಾಣಿಯೂ ಕೆಲವೊಮ್ಮೆ ಎರಡು ಮೊಟ್ಟೆ ಇಡುವುದರಿಂದ, ಕೆಲವು ದಿನ ಬಿಟ್ಟು ಮತ್ತೊಮ್ಮೆ ನೋಡುವುದು ಒಳ್ಳೆಯದು.

ಕೆಲಸಗಾರ ಜೇನಿನ ಎಳೆಯ ಮರಿಯಿಂದ ರಾಣಿಯನ್ನು ಬೆಳೆಸಬಹುದೆಂಬ ಶಿರಾಖ್ ಅವರ ಶೋಧವನ್ನೂ ಹ್ಯೂಬರ್ ಪರೀಕ್ಷಿಸಿ ದೃಢಪಡಿಸಿದರು. ದೋಷಯುಕ್ತ ರಾಣಿಯನ್ನು ತೆಗೆದು, ಆರೋಗ್ಯವಂತ ಕುಟುಂಬದ ಮೊಟ್ಟೆ ಹಾಗೂ ಎಳೆಯ ಮರಿಗಳುಳ್ಳ ಎರಿಯನ್ನು ನೀಡುವ ಕ್ರಮಕ್ಕೆ ಇದೇ ಆಧಾರ. ಆದರೆ ಸುತ್ತಮುತ್ತ ಗಂಡು ಜೇನುಗಳಿಲ್ಲದ ಕಾಲದಲ್ಲಿ ಇದು ಫಲಿಸದು. ಆಗ ಕುಟುಂಬವನ್ನು ಬೇರೊಂದರೊಡನೆ ಒಗ್ಗೂಡಿಸುವುದೇ ಸೂಕ್ತ.

ಈ ಶೋಧನೆಗಳು 1792ರಲ್ಲಿ ಗ್ರಂಥರೂಪದಲ್ಲಿ ಪ್ರಕಟಗೊಂಡವು. ಬರ್ನೆನ್ಸ್ ಅವರು 1795ರಲ್ಲಿ ಸೇವೆಯಿಂದ ತೆರಳಿದ ಬಳಿಕ ಪತ್ನಿಯೂ, ಮುಂದೆ ಇರುವೆಗಳ ಅಧ್ಯಯನದಿಂದ ಹೆಸರಾದ ಮಗ ಪಿಯೇರ್ ಅವರೂ ಕೆಲಸಕ್ಕೆ ನೆರವಾದರು. ಎರಡನೆಯ ಸಂಪುಟವು 1814ರಲ್ಲಿ ಹೊರಬಂದಿತು. ಹ್ಯೂಬರ್ ಅವರು 1831ರ ಡಿಸೆಂಬರ್ 22ರಂದು ನಿಧನರಾದರು.